ಎರಡು ಕೀಲಿಕೈಗಳಿದ್ದ ಮನೆ

ವಿನೋಬನಗರ, ದಾವಣಗೆರೆ
ಶುಕ್ರವಾರ, ೨೩ ಮೇ ೨೦೨೫

ಸೌಭಾಗ್ಯವತಿ ದ್ರಾಕ್ಷಾಯಣಿಗೆ, ನಿನ್ನ ಯಜಮಾನನ ಪ್ರೀತಿಪೂರ್ವಕ ಆಶೀರ್ವಾದಗಳು.

ಮೊದಲು ಕ್ಷಮೆ ಕೇಳಬೇಕಾಗಿದೆ. ಕಳೆದ ಶುಕ್ರವಾರ ನಿನಗೆ ಬರೆದ ಪತ್ರದ ಕರಡನ್ನು ಈ ಬೆಳಿಗ್ಗೆ ತೆಗೆದು ಓದಿದೆ. ಅದರಲ್ಲಿರುವ ದಿನಾಂಕಗಳೆಲ್ಲ ತಪ್ಪು. ಭಾನುವಾರ ನಡೆದುದನ್ನು ಸೋಮವಾರ ಎಂದಿದ್ದೇನೆ. ಮಗುವಿನ ತೊಟ್ಟಿಲ ದಿನವನ್ನೂ ತಪ್ಪಾಗಿ ಬರೆದಿದ್ದೇನೆ. ಉತ್ತರಪತ್ರಿಕೆಯ ಮೇಲೆ ತಾರೀಖು ಬರೆಯದ ಮಕ್ಕಳ ಅಂಕ ಕಳೆಯುತ್ತಿದ್ದ ಮನುಷ್ಯ ಹೀಗೆ ಬರೆದನೆಂದು ನೀನು ನಗುತ್ತೀಯೆ, ನಗು, ಅಡ್ಡಿಯಿಲ್ಲ. ಆದರೆ ಅದು ಮುಪ್ಪಿನ ಮರೆವಲ್ಲ. ಆ ಪತ್ರ ಬರೆಯುವಾಗ ನನ್ನ ಕಣ್ಣು ಕಾಗದದ ಮೇಲಿದ್ದರೂ ಕಿವಿ ತಲೆಬಾಗಿಲ ಕಡೆಗಿತ್ತು. ಸರಿಯಾದ ದಿನಾಂಕಗಳನ್ನು ಈ ಪತ್ರದ ಕೊನೆಯಲ್ಲಿ ಕೊಡುತ್ತೇನೆ, ತಿದ್ದಿಕೊಳ್ಳಬೇಕು.

ನಿನ್ನ ಮೊಣಕಾಲ ನೋವು ಹೇಗಿದೆ? ಗದಗಿನ ಆ ಮನೆಯಲ್ಲಿ ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕೆಂದು ನೀನೇ ಹೇಳಿದ್ದೆ; ಗೋಡೆ ಹಿಡಿದೇ ಇಳಿ. ಮಗಳು ರೂಪಶ್ರೀ ಹೊಟ್ಟೆತುಂಬ ಉಣ್ಣುತ್ತಾಳೆಯೇ? ಕೂಸಿಗೆ ಎಣ್ಣೆ ನೀರು ಹಾಕುವಾಗ ದೊಡ್ಡ ಮೊಮ್ಮಗ ತನಗೂ ಹಾಕಬೇಕೆಂದು ಹಟ ಹಿಡಿಯುವನೆಂದು ಕೇಳಿ ಒಬ್ಬನೇ ನಕ್ಕೆ. ನಾನು ಆರೋಗ್ಯವಾಗಿದ್ದೇನೆ. ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸಿಲ್ಲ. ನೀನು ಕುಟ್ಟಿಟ್ಟುಹೋದ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಇನ್ನು ಮುಂದಿನದನ್ನು ನೀನೊಬ್ಬಳೇ ಓದು. ನಿಧಾನವಾಗಿಯಾದರೂ ಸರಿ, ರೂಪಶ್ರೀಯಿಂದ ಓದಿಸಬೇಡ. ಹಸಿ ಬಾಣಂತಿ, ಹೆದರಿಯಾಳು. ದೂರವಾಣಿಯಲ್ಲಿ ಹೇಳಬಹುದಾಗಿದ್ದರೆ ಹೇಳಿಬಿಡುತ್ತಿದ್ದೆ. ಈಚೆಗೆ ಆ ಯಂತ್ರ ರಿಂಗಣಿಸಿದರೇ ನನ್ನ ಎದೆ ಹಾರುತ್ತದೆ.

ನೇರನಿಧಿಯ ವಿಚಾರ ನಿನಗೆ ತಿಳಿದದ್ದೇ. ಆದರೂ ಮೊದಲಿನಿಂದ ಕ್ರಮವಾಗಿ ಹೇಳುತ್ತೇನೆ. ಹಾಗೆ ಹೇಳಿದರೆ ಎಲ್ಲಿ ಎಡವಿದೆವೆಂಬುದು ನನಗಾದರೂ ಕಂಡೀತು. ಬೇಸಿಗೆಯ ಭತ್ತ ಕೊಯ್ಲಿಗೆ ಬಂದಾಗ ನಮ್ಮ ಬೀದಿಯ ಮಂಡಕ್ಕಿ ಭಟ್ಟಿಯವರಿಗೆ ಒಮ್ಮೆಗೇ ದೊಡ್ಡ ಮೊತ್ತ ಬೇಕು. ಬ್ಯಾಂಕು ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ದಲಾಲರು ಕೊಟ್ಟು ವರ್ಷವಿಡೀ ಹಿಂಡುತ್ತಾರೆ. ಇತ್ತ ನಮ್ಮಂಥವರ ಉಳಿತಾಯ ಬ್ಯಾಂಕಿನಲ್ಲಿ ಮಲಗಿರುತ್ತದೆ. ಭಟ್ಟಿಯ ಮಸ್ತಾನಸಾಬರ ಮಗ ಮುಜಾಹಿದ್ ಎರಡು ವರ್ಷದ ಕೆಳಗೆ ನಮ್ಮ ಪಡಸಾಲೆಯಲ್ಲೇ ಕುಳಿತು, “ಮೇಷ್ಟ್ರೇ, ರೊಕ್ಕ ನಿಮ್ದು, ಭಟ್ಟಿ ನಮ್ದು. ನಡುವೆ ಇಬ್ರು ಮೂರು ಜನ ಯಾಕ್ ಬೇಕ್ರಿ ಉಣ್ಣಾಕೆ?” ಎಂದು ಕೇಳಿದ್ದನಲ್ಲ, ಆ ಮಾತು ನನಗೆ ನ್ಯಾಯವೆನಿಸಿತು. ಬಡ್ಡಿ ಅವರ ಧರ್ಮಕ್ಕೆ ಒಗ್ಗದು. ಆದ್ದರಿಂದ ಮಾರಿದ ಚೀಲಕ್ಕೆ ಇಷ್ಟೆಂದು ಲಾಭದ ಪಾಲು ಗೊತ್ತುಮಾಡಿದೆವು. ನೇರನಿಧಿ ಎಂಬ ಹೆಸರು ನಾನಿಟ್ಟದ್ದು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಹಣವು ಅಂತರಜಾಲದ ನಾಣ್ಯವಾಗಿ, ಅಲ್ಲಿಯೇ ಇರುವ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಯಲ್ಲಿ ಕೂಡುತ್ತದೆ. ಆ ಪೆಟ್ಟಿಗೆಗೆ ಕಚೇರಿಯಿಲ್ಲ, ವ್ಯವಸ್ಥಾಪಕನಿಲ್ಲ, ಮೊಹರಿಲ್ಲ. ಮೂರು ಕೀಲಿಕೈಗಳಿವೆ: ಬೆಂಕಿಪೊಟ್ಟಣದಷ್ಟು ಗಾತ್ರದ ಮೂರು ಕಪ್ಪು ಉಪಕರಣಗಳು, ಒಂದೊಂದಕ್ಕೂ ಒಂದೊಂದು ಗುಟ್ಟಿನ ಸಂಖ್ಯೆ. ಯಾವ ಎರಡು ಸೇರಿದರೂ ಪೆಟ್ಟಿಗೆ ತೆರೆಯುತ್ತದೆ, ಒಂದರಿಂದ ತೆರೆಯದು. ಭಟ್ಟಿಯವರ ಪರವಾಗಿ ಮಸ್ತಾನಸಾಬರ ಬಳಿ ಒಂದು, ಹಣ ಕೊಟ್ಟವರ ಪರವಾಗಿ ನನ್ನ ಬಳಿ ಒಂದು, ಎರಡೂ ಕಡೆಗೆ ಸೇರದ ಹರಿಹರದ ತಿಪ್ಪೇರುದ್ರಪ್ಪನವರ ಬಳಿ ಒಂದು. ಅವರು ಹಳೆಯ ದಲಾಲರು. ದಲಾಲರನ್ನು ಬಿಡುವ ಕೆಲಸಕ್ಕೆ ದಲಾಲನನ್ನೇ ಕರೆದಿರಾ ಎಂದು ನೀನು ಅಂದು ಅಣಕಿಸಿದ್ದೆ. “ಬ್ಯಾಂಕ್‌ನಾಗೆ ಇಟ್ರೆ, ಹೋದ್ರೆ ಕೇಳಾಕೆ ಒಬ್ಬ ಮನುಷ್ಯ ಇರ್ತಾನೆ. ನಿಮ್ದ್ರಾಗೆ ಯಾರ್ನ ಕೇಳ್ಬೇಕ್ರಿ?” ಎಂದೂ ಕೇಳಿದ್ದೆ. ಅದಕ್ಕೆ ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ನಿನಗೆ ನೆನಪಿದ್ದರೂ ಈಗ ಎತ್ತಿ ಆಡಬೇಡ.

ನಾವು ಎಡವಿದ್ದು ಮಸ್ತಾನಸಾಬರ ಹಜ್ ಯಾತ್ರೆಯ ಬೀಳ್ಕೊಡುಗೆಯ ದಿನ. ಯಾತ್ರೆಗೆ ಹೊರಡುವವನು ಯಾರ ಹಂಗನ್ನೂ ಹೊರೆಯನ್ನೂ ಇಟ್ಟುಕೊಂಡು ಹೋಗಬಾರದು. ಸಾಲ ತೀರಿಸಬೇಕು, ಬೇರೆಯವರು ನಂಬಿ ಇರಿಸಿದ ವಸ್ತುವಿದ್ದರೆ, ಅದಕ್ಕೆ ಅವರು ಅಮಾನತ್ತು ಎನ್ನುತ್ತಾರೆ, ಅದನ್ನು ಒಪ್ಪಿಸಬೇಕು, ಆಡಿದ ಮಾತಿಗೆಲ್ಲ ಕ್ಷಮೆ ಬೇಡಬೇಕು. ಅವರು ಪೆಂಡಾಲಿನಲ್ಲಿ ಒಬ್ಬೊಬ್ಬರನ್ನೂ ತಬ್ಬಿ, “ಹೇಳಿದ್ದು ಕೇಳಿದ್ದು ಮಾಫ್ ಮಾಡ್ರಿ” ಎನ್ನುತ್ತ ಅಳುತ್ತಿದ್ದರು. ಅವರ ಹೆಂಡತಿ ಹಜೀರಾಬೀಯವರೂ ಹೆಂಗಸರ ಕಡೆ ಹಾಗೆಯೇ ಮಾಡುತ್ತಿದ್ದರು. ನಿನ್ನ ಹೆಸರು ಹೇಳಿ, ಅಕ್ಕ ಇಲ್ಲದಾಗ ಹೊರಟೆನಲ್ಲ ಎಂದು ಪೇಚಾಡಿಕೊಂಡರಂತೆ. ಆಮೇಲೆ ಮಸ್ತಾನಸಾಬರು ನನ್ನನ್ನು ಕೈಹಿಡಿದು ಎಬ್ಬಿಸಿ, ಊಟಕ್ಕೆ ಕುಳಿತ ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದರು: “ಎಲ್ರೂ ನೋಡ್ರಿ. ನನ್ನ ತಾವ ಇದ್ದ ಅಮಾನತ್ತು ಇವತ್ತು ಮೇಷ್ಟ್ರ ಕೈಗೆ ಕೊಟ್ಟೀನಿ. ನಾನು ಅಲ್ಲೇ ಮಣ್ಣಾದ್ರೂ ನನ್ನ ಮ್ಯಾಲೆ ಒಂದ್ ಕಾಳಿನ ಹೊರೆ ಇಲ್ಲ.” ಹಸಿರು ಮಖಮಲ್ಲಿನ ಸಂಚಿಯನ್ನು ನನ್ನ ಅಂಗೈಯಲ್ಲಿಟ್ಟು, ತಬ್ಬಿಕೊಂಡು, ಅದರ ಗುಟ್ಟಿನ ಸಂಖ್ಯೆಯನ್ನು ನನ್ನ ಕಿವಿಯಲ್ಲಿ ಉಸುರಿದರು. ನಾಲ್ಕು ಜನರ ಎದುರಿಗೆ ಒಪ್ಪಿಸದಿದ್ದರೆ ಒಪ್ಪಿಸಿದಂತಾಗದು ಎಂಬುದು ಅವರ ನಿಷ್ಠೆ. ಜನ ಚಪ್ಪಾಳೆ ತಟ್ಟಿದರು. ಇಲ್ಲಿ ನಿನಗೆ ಸುಳ್ಳು ಹೇಳಲಾರೆ, ದ್ರಾಕ್ಷಾಯಣಿ: ಆ ಗಳಿಗೆಯಲ್ಲಿ ನನ್ನ ಎದೆ ಉಬ್ಬಿತು. ಊಟ ಮುಗಿಸಿ ಕೈತೊಳೆಯುವಾಗ ತಿಪ್ಪೇರುದ್ರಪ್ಪನವರು ಪಕ್ಕದಲ್ಲಿ ನಿಂತು, “ಮೇಷ್ಟ್ರೇ, ಮೂರು ಕೀಲಿಕೈ ಪೆಟ್ಟಿಗೆ ಹೋತು. ಈಗ ನೀವೇ ಪೆಟ್ಟಿಗೆ” ಎಂದು ಮೆಲ್ಲಗೆ ಹೇಳಿದರು. ಮನೆಯಲ್ಲಿ ಒಬ್ಬನೇ ಇರುವ ಮುದುಕನ ಬಳಿ ಎರಡು ಕೀಲಿಕೈಗಳೂ ಎರಡು ಗುಟ್ಟುಗಳೂ ಇವೆಯೆಂದು ಇಡೀ ವಿನೋಬನಗರಕ್ಕೆ ಗೊತ್ತಾಗಿತ್ತು. ಬೀಗ ಬದಲಿಸಬಲ್ಲವನು ಆ ಪೆಟ್ಟಿಗೆಯನ್ನು ಕಟ್ಟಿದ ಮುಜಾಹಿದ್ ಒಬ್ಬನೇ. ಅವನು ತಂದೆತಾಯಿಯನ್ನು ನೋಡಿಕೊಳ್ಳಲು ಅವರ ಜೊತೆಗೇ ಹೊರಟಿದ್ದ.

ಮೊದಲು ಬಂದವಳು ಕೆಂಚವ್ವ. ನಿನಗೆ ಗೊತ್ತಲ್ಲ, ಮಿರ್ಚಿ ಮಂಡಕ್ಕಿ ಅಂಗಡಿಯವಳು. ಕೈಗಾಡಿಗೆ ಹೊಸ ಚಕ್ರ ಹಾಕಿಸಲು ಹಣ ಬೇಕಂತೆ. ಸರದಿಯಿದೆ, ಸಭೆಯಿದೆ ಎಂದರೆ, “ನೀವೊಬ್ರೇ ಸಾಕಂತಲ್ರಿ ಈಗ! ದೇವ್ರ ಹುಂಡಿ ಹಂಗೆ ಕುಂತೀರಿ. ಒಂದ್ ಹಿಡಿ ತೆಗೆದ್ರೆ ಹುಂಡಿಗೆ ಏನಾಗ್ತೈತೆ?” ಎಂದು ನಗುತ್ತಲೇ ಕೇಳಿದಳು. ಅವಳ ನಗೆಯಲ್ಲಿ ಕೇಡಿರಲಿಲ್ಲ. ಆದರೆ ಅವಳು ಹೋದಮೇಲೆ ನಾನು ಅಗುಳಿ ಹಾಕಿದೆ. ಹಗಲು ಹೊತ್ತಿನಲ್ಲಿ ನಮ್ಮ ಮನೆಗೆ ಅಗುಳಿ ಬಿದ್ದದ್ದು ನೀನು ನೋಡಿದ್ದೀಯಾ? ಆಮೇಲೆ ಇನ್ನಿಬ್ಬರು ಬಂದರು, ಮತ್ತೊಬ್ಬರು ಬಂದರು. ಎಲ್ಲರಿಗೂ ಅಗತ್ಯವಿತ್ತು, ಎಲ್ಲರೂ ನನ್ನನ್ನು ಒಳ್ಳೆಯವನೆಂದೇ ಹೊಗಳಿದರು. ಇಲ್ಲವೆಂದಾಗ ಒಬ್ಬನು, “ಬ್ಯಾಂಕ್‌ನವ್ರು ಆದ್ರೂ ಅರ್ಜಿ ಇಸ್ಕಂಡು ಇಲ್ಲ ಅಂತಿದ್ರು” ಎಂದು ಗೊಣಗಿಕೊಂಡು ಹೋದನು.

ಅವರ್ಯಾರೂ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಒಂದು ದನಿ. ಮಸ್ತಾನಸಾಬರು ಹೊರಟ ಮಾರನೆಯ ದಿನ ಮಧ್ಯಾಹ್ನ ಅಪರಿಚಿತ ಸಂಖ್ಯೆಯೊಂದರಿಂದ ಕರೆ ಬಂತು. “ಮೇಷ್ಟ್ರೇ, ಊಟ ಆತೇನ್ರಿ?” ಗಂಡಸಿನ ದನಿ, ಬಹಳ ಮರ್ಯಾದೆಯ ದನಿ. ಯಾರೆಂದು ಕೇಳಿದರೆ, “ನಮ್ಮಂಥೋರ ಹೆಸರು ತಗಂಡು ಏನ್ ಮಾಡ್ತೀರಿ, ಬಿಡ್ರಿ. ಬಿ.ಪಿ. ಮಾತ್ರೆ ಮರೀಬ್ಯಾಡ್ರಿ” ಎಂದು ಇಟ್ಟುಬಿಟ್ಟನು. ಹಳೆಯ ಶಿಷ್ಯನಿರಬಹುದೆಂದು ಸಮಾಧಾನ ತಂದುಕೊಂಡೆ. ಮರುದಿನ ಮತ್ತೆ ಕರೆ. ಅದರ ಮರುದಿನವೂ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಸೋಮವಾರ ಮಾತ್ರ, “ಗದಗಿನಾಗೆ ಅಮ್ಮಾರು ಆರಾಮದಾರಾ? ಮೊಮ್ಮಗು ಹೆಣ್ಣಂತೆ, ಲಕ್ಷ್ಮಿ ಬಂದ್ಲು ಬಿಡ್ರಿ. ನೀವು ಒಬ್ರೇ ಎರಡೆರಡು ಹೊರೆ ಹೊತ್ಕಂಡು ಕುಂತೀರಿ, ನೋಡಿದ್ರೆ ಕರುಳು ಚುರ್ ಅಂತೈತೆ” ಎಂದನು. ನಾನು ಯಂತ್ರವನ್ನು ಕೆಳಗಿಡುವುದನ್ನೂ ಮರೆತು ಕುಳಿತೆ. ನಿನ್ನನ್ನೂ ಕೂಸನ್ನೂ ಆ ಬಾಯಿ ಹೆಸರಿಸಿತಲ್ಲ! ಆ ಕ್ಷಣದಿಂದ ನನಗೆ ಅನ್ನದ ರುಚಿ ತಿಳಿದಿಲ್ಲ. ಪೊಲೀಸರ ಬಳಿ ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟು ಕೇಳಿದರು, ನೀರನ್ನೂ ಕೊಟ್ಟರು. ಯಾವ ಬ್ಯಾಂಕು, ಖಾತೆ ಯಾರ ಹೆಸರಿನಲ್ಲಿ, ಹಣ ಎಷ್ಟು ಹೋಗಿದೆ ಎಂದರು. ಬ್ಯಾಂಕಿಲ್ಲ, ಯಾರ ಹೆಸರಿನಲ್ಲೂ ಇಲ್ಲ, ಇನ್ನೂ ಹೋಗಿಲ್ಲ ಎಂದೆ. “ಊಟ ಆತಾ ಅಂತ ಕೇಳಿದ್ರೆ ಯಾವ ಕೇಸ್ ಹಾಕೋಣ್ರಿ ಮೇಷ್ಟ್ರೇ? ಏನಾದ್ರೂ ಆದ್ರೆ ಬರ್ರಿ” ಎಂದರು. ಅವರದೂ ತಪ್ಪಿಲ್ಲ. ಆದ ಮೇಲೆ ಬರಲು ನಾನಿರಬೇಕಷ್ಟೆ.

ಮಂಗಳವಾರ ಎರಡೂ ಉಪಕರಣಗಳನ್ನು ಒಳಂಗಿಯ ಜೇಬಿನಲ್ಲಿಟ್ಟು ಹೊಲಿದುಕೊಂಡು ಹರಿಹರದ ಬಸ್ಸು ಹತ್ತಿದೆ. ದಾರಿಯ ಬಾತಿ ಊರು ದಾಟುವವರೆಗೂ ಹಿಂದಿನ ಆಸನದವನು ನನ್ನನ್ನೇ ನೋಡುತ್ತಿರುವನೆಂದು ಬೆನ್ನು ಬೆವರುತ್ತಿತ್ತು. ತಿರುಗಿ ನೋಡಿದರೆ ಪಾಪ, ಬಾಯಿ ತೆರೆದು ನಿದ್ದೆ ಹೋಗಿದ್ದ. ತಿಪ್ಪೇರುದ್ರಪ್ಪನವರು ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡೊಡನೆ, “ಬರ್ರಿ ಬರ್ರಿ, ಬ್ಯಾಂಕೇ ನಡ್ಕಂತ ಬಂತು! ಕೂಡ್ರಿ” ಎಂದರು. ನಾನು ಹೇಳಿದ್ದೆಲ್ಲವನ್ನೂ ಕೇಳಿ, ಚಹಾ ಕುಡಿದು ಹೇಳಿದರು: “ದಲಾಲಿ ಅಂದ್ರೆ ಬರೇ ರೊಕ್ಕ ತಿನ್ನೋದಲ್ರಿ. ರೈತ ಬೈದ್ರೆ ನನ್ನ ಬೈತಿದ್ದ, ಗಿರಣಿಯೋನು ಬೈದ್ರೂ ನನ್ನೇ ಬೈತಿದ್ದ. ಅಂಗಡಿಗೆ ಕಲ್ಲು ಒಗೆದ್ರೂ ನನ್ನ ಅಂಗಡಿಗೇ. ಮುಜಾಹಿದ್ ದಲಾಲನ್ನ ತೆಗೆದ, ಚಲೋ ಮಾಡ್ದ. ಕಲ್ಲು ಬೀಳಾಕೆ ಒಂದು ಜಾಗ ಬೇಕಲ್ರಿ? ಅದು ನಿಮ್ಮನೆ ಆತು.” ಉಪಾಯವನ್ನೂ ಅವರೇ ಹೇಳಿದರು: “ಸಾಬ್ರದನ್ನ ಹೊಳ್ಯಾಗೆ ಒಗೀರಿ. ನಿಮ್ದೊಂದು ನಂದೊಂದು ಇರ್ತೈತೆ. ಭತ್ತದ ರೊಕ್ಕ ನಿಲ್ಲಲ್ಲ, ನಿಮ್ಮೊಬ್ರ ಕೈಯಾಗೂ ಇರಲ್ಲ.”

ಹೊಳೆಗೆ ಹೋದೆ. ನೀರು ಇಳಿದು ಬಂಡೆಗಳು ಎದ್ದಿದ್ದವು. ಉಳಿದ ಮಡುವಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹೊಲಿಗೆ ಬಿಚ್ಚಿ ಹಸಿರು ಸಂಚಿಯನ್ನು ಕೈಗೆ ತೆಗೆದುಕೊಂಡೆ. ಎಸೆಯಲಾಗಲಿಲ್ಲ. ಅದು ನನ್ನದಲ್ಲ. ಯಾತ್ರೆಗೆ ಹೋದ ಮನುಷ್ಯ ಅಲ್ಲಿ ಕೈಯೆತ್ತಿ ಬೇಡುವಾಗ ನಾನು ಇಲ್ಲಿ ಅವನ ಅಮಾನತ್ತನ್ನು ಕೆಸರಿಗೆ ಹಾಕುವುದೇ? ಕದ್ದು ಎಸೆದರೆ ಪ್ರಯೋಜನವೂ ಇಲ್ಲ. ಎಸೆದೆನೆಂದು ಆ ದನಿ ನಂಬಬೇಕಲ್ಲ. ಎಲ್ಲರೆದುರು ಕೈಗೆ ಬಂದದ್ದು ಎಲ್ಲರೆದುರೇ ಕೈಬಿಡಬೇಕು. ಬಂಡೆಯ ಮೇಲೆ ಕುಳಿತು ಯೋಚಿಸಿದಂತೆ ಒಂದು ದಾರಿ ಕಂಡಿತು. ಒಂದು ಕೀಲಿಕೈ ಇಲ್ಲವಾಗಬೇಕೆಂದರೆ ಅದು ಅವರದೇ ಆಗಬೇಕೆಂದೇನಿದೆ? ನನ್ನದನ್ನು ನಾನು ಸುಡಬಹುದಲ್ಲ!

ನಿನ್ನೆ ಸಂಜೆ ಮಸ್ತಾನಸಾಬರ ಭಟ್ಟಿಯಲ್ಲಿ ನಿಧಿಗೆ ಸೇರಿದ ಮನೆಗಳವರನ್ನೆಲ್ಲ ಕರೆಸಿದೆ. ಸಾಬರ ತಮ್ಮನ ಮಗ ನಯೀಮ್ ಈಗ ಭಟ್ಟಿ ನಡೆಸುತ್ತಿದ್ದಾನೆ. ಹೊರಗಿನವರು ಬರಬಾರದೆಂದು ತಗಡಿನ ಬಾಗಿಲನ್ನು ಅವನೇ ಎಳೆದು ಹಾಕಿದನು. ನಾನು ನನ್ನ ಕನ್ನಡಕದ ಡಬ್ಬಿಯಿಂದ ಉಪಕರಣ ತೆಗೆದು ಅವನ ಕೈಗೆ ಕೊಟ್ಟೆ. ಮುಜಾಹಿದ್ ಅದರ ಬೆನ್ನಿಗೆ ಅಂಟಿಸಿದ್ದ ನನ್ನ ಹೆಸರಿನ ಚೀಟಿಯನ್ನು ಅವನು ಎಲ್ಲರಿಗೂ ತೋರಿಸಿದನು. ಇದಕ್ಕೆ ಇನ್ನೊಂದು ಪ್ರತಿ ಇಲ್ಲವೆಂದು ಹೇಳಿದೆ. ಕೆಂಚವ್ವ ಬಿಡಬೇಕಲ್ಲ: “ಡೂಪ್ಲಿಕೇಟ್ ಇಲ್ಲ ಅಂತ ಏನ್ ಗ್ಯಾರಂಟಿ ಮೇಷ್ಟ್ರೇ? ನಮ್ಮನೆಯೋನು ಹಿಂಗೇ ಕುಡಿಯೋದು ಬಿಟ್ಟೆ ಅಂತ ಆಣೆ ಮಾಡ್ತಾನೆ!” ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಾನು ಒಲೆಯ ಬಾಯಿಗೆ ಹೋಗಿ, ಹೊಟ್ಟಿನ ಬೆಂಕಿಗೆ ಅದನ್ನು ಹಾಕಿದೆ. ಅದು ಬೇಗ ಉರಿಯಲಿಲ್ಲ. ಮೆತ್ತಗಾಗಿ, ಬಾಗಿ, ಕೆಟ್ಟ ವಾಸನೆ ಬಿಟ್ಟು ಕರಗಿತು. ಮಸ್ತಾನಸಾಬರದು ನನ್ನಲ್ಲಿ ಭದ್ರವಾಗಿದೆ, ಅವರು ಬಂದ ದಿನ ಒಪ್ಪಿಸುವೆ ಎಂದೆ. ಒಂದು ಸುಟ್ಟುಹೋಯಿತೆಂದು ಊರಿಗೆಲ್ಲ ತಿಳಿಯಲಿ, ಆದರೆ ಯಾರದು ಸುಟ್ಟುಹೋಯಿತು, ಯಾರದು ಉಳಿಯಿತು ಎಂಬುದು ಈ ತಗಡಿನ ಬಾಗಿಲು ದಾಟಬಾರದೆಂದು ನಯೀಮ್ ಎಲ್ಲರಿಂದ ಮಾತು ತೆಗೆದುಕೊಂಡನು. ಆಮೇಲೆ ಎಲ್ಲರೂ ಚಹಾ ಕುಡಿದು ಮನೆಗೆ ಹೋದರು.

ಈಗ ನನ್ನ ಬಳಿ ಒಂದೇ ಇದೆ, ಹರಿಹರದಲ್ಲಿ ಒಂದಿದೆ. ಒಬ್ಬ ಮುದುಕನ ಭಯ ಇಬ್ಬರು ಮುದುಕರಿಗೆ ಹಂಚಿಕೆಯಾಯಿತು. ಮುಜಾಹಿದ್ ಮರಳಿ ಹೊಸ ಬೀಗ ಹಾಕುವ ಮೊದಲು ನಮ್ಮಿಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಆ ಪೆಟ್ಟಿಗೆಯನ್ನು ಭೂಮಿಯ ಮೇಲೆ ಯಾರೂ ತೆರೆಯಲಾರರು. ಬ್ಯಾಂಕಾದರೆ ಮರಣಪತ್ರ ಹಿಡಿದು ವಾರಸುದಾರ ಹೋಗಬಹುದು. ಇಲ್ಲಿ ಯಾರೆದುರು ಹಿಡಿಯುವುದು? ಕೆಂಚವ್ವನ ಕೈಗಾಡಿ, ನಯೀಮನ ಭತ್ತ, ನಮ್ಮ ಕಷ್ಟಕಾಲಕ್ಕೆಂದು ಇಟ್ಟದ್ದು, ಎಲ್ಲವೂ ನನ್ನ ನಾಡಿಯ ಮೇಲೂ ಅವರ ನಾಡಿಯ ಮೇಲೂ ನಿಂತಿವೆ. ಇನ್ನೊಂದು ಕಷ್ಟವೆಂದರೆ ನಾವಿಬ್ಬರೂ ಒಂದೆಡೆ ಸೇರುವಂತಿಲ್ಲ. ಸೇರಿದರೆ ಎರಡು ಕೀಲಿಕೈಗಳು ಮತ್ತೆ ಒಂದೇ ಮನೆಯಲ್ಲಿ ಸೇರಿದಂತೆ. ಧೈರ್ಯಕ್ಕೆ ಯಾರ ಜಗಲಿಯ ಮೇಲೆ ಹೋಗಿ ಕೂರಬೇಕೆನಿಸುತ್ತದೆಯೋ ಅಲ್ಲಿಗೇ ಹೋಗಬಾರದಾಗಿದೆ. ಹಣ ಹೊರಡಿಸಲು ಜೊತೆಯಲ್ಲೇ ಇರಬೇಕೆಂದಿಲ್ಲವಂತೆ, ಅವರವರ ಊರಿನಿಂದಲೇ ಒಪ್ಪಿಗೆ ಒತ್ತಿದರೆ ಸಾಕಂತೆ, ಅದೊಂದು ಪುಣ್ಯ. ಆದರೂ ನಿನ್ನೆ ರಾತ್ರಿ ಬಹಳ ದಿನಗಳ ಮೇಲೆ ನಾಲ್ಕು ಗಂಟೆ ನಿದ್ದೆ ಬಂತು. ಆ ಸಮಾಧಾನದಲ್ಲೇ ಈ ಪತ್ರ ಆರಂಭಿಸಿದೆ.

ರೂಪಶ್ರೀಗೆ, ಅಳಿಯಂದಿರಿಗೆ, ಮೊಮ್ಮಕ್ಕಳಿಬ್ಬರಿಗೂ ನನ್ನ ಮನಃಪೂರ್ವಕ ಆಶೀರ್ವಾದಗಳು. ಬೀಗಿತ್ತಿಯವರಿಗೆ ನಮಸ್ಕಾರ ತಿಳಿಸು. ಶಿವನು ನಿಮ್ಮೆಲ್ಲರನ್ನೂ ಅಂಗೈಯಲ್ಲಿಟ್ಟು ಕಾಯಲಿ.

ಇಂತು ನಿನ್ನ,
ಶಿವಮೂರ್ತಪ್ಪ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಕರೆ ಬಂತು. ಅದೇ ದನಿ. “ಮೇಷ್ಟ್ರೇ, ಕನ್ನಡಕದ ಡಬ್ಬ್ಯಾಗಿಂದ ತೆಗೆದು ಬೆಂಕಿಗೆ ಹಾಕಿದ್ರಲ್ಲ, ನೋಡಾಕಾಗ್ಲಿಲ್ಲ ನನಗೆ. ಇರ್ಲಿ ಬಿಡ್ರಿ. ಹರಿಹರದ ಸಾವ್ಕಾರ್ರು ಬೆಳಿಗ್ಗೆ ಹೊಳಿ ಕಡೆ ಒಬ್ರೇ ಅಡ್ಡಾಡಾಕೆ ಹೋಗ್ತಾರಲ್ಲ?” ಅಷ್ಟೇ ಹೇಳಿ ಇಟ್ಟನು. ದ್ರಾಕ್ಷಾಯಣಿ, ನಿನ್ನೆ ಬಾಗಿಲು ಹಾಕಿತ್ತು. ನಾನು ಕನ್ನಡಕದ ಡಬ್ಬಿ ತೆರೆದದ್ದನ್ನು ಕಂಡವರೆಲ್ಲ ನಮ್ಮವರೇ. ಅವನು ಅಲ್ಲಿಯೇ ನಿಂತು ನಮ್ಮ ಜೊತೆ ಚಹಾ ಕುಡಿದಿದ್ದಾನೆ. ಒಬ್ಬೊಬ್ಬರ ಮುಖವನ್ನೂ ನೆನೆಯುತ್ತಿದ್ದೇನೆ, ಯಾವ ಮುಖಕ್ಕೂ ಆ ದನಿ ಕೂರುತ್ತಿಲ್ಲ. ತಿಪ್ಪೇರುದ್ರಪ್ಪನವರಿಗೆ ದೂರವಾಣಿ ಮಾಡಿ ಹೊರಗೆ ಹೋಗಬೇಡಿರೆಂದು ಹೇಳಿದೆ. ಅವರು ನಗಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಇದನ್ನು ಅಳಿಯಂದಿರಿಗೆ ಮಾತ್ರ ಹೇಳು. ಮನೆಗೆ ಬಂದು ವಿನೋಬನಗರದವನೆಂದು ಹೇಳಿಕೊಳ್ಳುವವನು ಯಾರೇ ಆಗಲಿ, ನಿನಗೆ ಎಷ್ಟೇ ಪರಿಚಿತನಾಗಿರಲಿ, ಬಾಗಿಲು ತೆರೆಯಬೇಡ. ಅಂಚೆಯ ಹೊತ್ತಾಯಿತು. ದಿನಾಂಕಗಳು:

ಮಸ್ತಾನಸಾಬರ ಬೀಳ್ಕೊಡುಗೆಯ ಊಟ: ಮೇ ೧೨, ಸೋಮವಾರವಲ್ಲ, ಮೇ ೧೧, ಭಾನುವಾರ.

ಅವರು ಯಾತ್ರೆಗೆ ಹೊರಟದ್ದು: ಮೇ ೧೩ ಅಲ್ಲ, ಮೇ ೧೪, ಬುಧವಾರ.

ಅವರೂ ಮುಜಾಹಿದನೂ ಮರಳುವುದು: ಜೂನ್ ೧೪ ಅಲ್ಲ, ಜೂನ್ ೨೪, ಮಂಗಳವಾರ.

ಕೂಸಿನ ತೊಟ್ಟಿಲು: ಮೇ ೩೧ ಅಲ್ಲ, ಜೂನ್ ೧, ಭಾನುವಾರ. ಬರುವೆನೆಂದು ಬರೆದಿದ್ದೆ. ಬರಲಾರೆ, ನನ್ನ ಹಿಂದೆ ಯಾರು ಬಸ್ಸು ಹತ್ತುವರೋ ತಿಳಿಯದು.

ನೀನು ದಾವಣಗೆರೆಗೆ ಮರಳುವುದು: ಜೂನ್ ೮ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕು. ಅದರ ಜಾಗದಲ್ಲಿ ಬರೆಯಲು ಸರಿಯಾದ ದಿನಾಂಕ ನನ್ನಲ್ಲಿಲ್ಲ.